ರಾಗಿಕಲ್ಲಿನ ಅರ್ಧ ನಿಮಿಷ

ಅವರು ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಟಿ.ವಿ.ಯ ಹಿಂಭಾಗವನ್ನು. ನಾನು ಅರಿಶಿನಕುಂಟೆಯಲ್ಲಿ ಬಾಡಿಗೆ ಮನೆ ಮಾಡಿ ಹಾಲು ಉಕ್ಕಿಸಿದ ದಿನ ಹೆಂಡತಿಯ ಜೊತೆ ಬಂದಿದ್ದರು. ತಂದಿದ್ದ ಹಣ್ಣಿನ ತಟ್ಟೆ ಕೊಟ್ಟರು. ಕೂರಿ ಅಂದರೆ ಕೂರಲಿಲ್ಲ. ನೇರವಾಗಿ ಮೂಲೆಗೆ ಹೋಗಿ ಟಿ.ವಿ.ಯನ್ನು ಗೋಡೆಯಿಂದ ಎಳೆದು, ಬಗ್ಗಿ ನೋಡಿ, ಸಿಕ್ಕು ಹಾಕಿಕೊಂಡಿದ್ದ ವೈರುಗಳನ್ನು ಬಿಡಿಸತೊಡಗಿದರು. ಕರೆಂಟಿನದು ಒಂದು ಪಕ್ಕ, ಸೌಂಡಿನದು ಇನ್ನೊಂದು ಪಕ್ಕ ಮಾಡಿ, ನನ್ನ ಹತ್ತಿರವೇ ಒಂದು ಹಳೇ ರಿಬ್ಬನ್ನು ಕೇಳಿ ತಗೊಂಡು ಕಟ್ಟಿದರು.

“ಮುಂದ್ಗಡೆ ಎಲ್ಲಾರೂ ಚೆನ್ನಾಗೇ ಇಟ್ಕೊಂಡಿರ್ತಾರೆ ಕಣಮ್ಮಾ. ಹಿಂದ್ಗಡೆ ಹೆಂಗಿದೆ ಅಂತ ನೋಡ್ಬೇಕು,” ಅಂದರು.

“ಹೋದೋರ ಮನೇಲೆಲ್ಲ ಧೂಳು ಹೊಡೀಬೇಡಿ ಬನ್ರೀ, ಪಾಯ್ಸ ಆರೋಗ್ತದೆ,” ಎಂದು ಅವರ ಹೆಂಡತಿ ಬೈದರು.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಹೆಸರು ಹಾಕಿ ಹೊಗಳಿಸಿಕೊಳ್ಳುವ ಮನುಷ್ಯ ಅಲ್ಲ ಅವರು. ಅದಲ್ಲದೆ, ಇಲ್ಲಿ ನಾನು ಅವರಿಗೆ ಮಾಡಿದ ಒಂದು ಅನ್ಯಾಯದ ವಿಷಯವೂ ಬರುತ್ತದೆ. ಅವರ ತಾಯಿಯ ಗುರುತೆಂದು ಉಳಿದಿದ್ದ ಒಂದೇ ಒಂದು ರೆಕಾರ್ಡಿಂಗನ್ನು ನಾನು ಹಾಳು ಮಾಡಿದೆ. ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ಓದಿದವಳು ಎಂಬ ಧೈರ್ಯದಿಂದ ಮಾಡಿದೆ.

ನಾವಿಬ್ಬರೂ ನೆಲಮಂಗಲದ ಹತ್ತಿರ ಹೆದ್ದಾರಿಗೆ ಅಂಟಿಕೊಂಡ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದೆವು. ಅವರು ಎಲೆಕ್ಟ್ರಿಷಿಯನ್. ಸರಕು ಎತ್ತಿ ಇಳಿಸುವ ಬ್ಯಾಟರಿ ಗಾಡಿಗಳು, ಅವುಗಳ ಚಾರ್ಜರುಗಳು, ಶೆಡ್ಡಿನ ದೀಪಗಳು, ಎಲ್ಲ ಅವರ ಸುಪರ್ದಿ. ನನ್ನದು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ. ಬಂದ ಮಾಲು, ಹೋದ ಮಾಲು ನಮೂದಿಸುವ ಕೆಲಸ. ನಮ್ಮದು ನಂದಗುಡಿ ಕಡೆಯ ಹಳ್ಳಿ. ಅಪ್ಪ ರಾಗಿ, ತರಕಾರಿ ಬೆಳೆದು, ಡೇರಿಗೆ ಹಾಲು ಹಾಕಿ ನನ್ನನ್ನು ಓದಿಸಿದರು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಬಂದದ್ದು ನನ್ನಿಂದಲೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎರಡು ಬಸ್ಸು ಬದಲಾಯಿಸಿ, ನಿಂತುಕೊಂಡೇ ಓದಿ, ಒಂದು ವಿಷಯ ಎರಡು ಸಲ ಕಟ್ಟಿ ತಂದುಕೊಂಡದ್ದು ಅದು.

ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರ ಮೇಲೆ ನನ್ನ ಜಂಬ ತೋರಿಸಿಬಿಟ್ಟೆ. ಬೇಕಾದ ಸಾಮಾನಿನ ಚೀಟಿಯಲ್ಲಿ ಅವರು ಬರೆದಿದ್ದ ಇಂಗ್ಲಿಷ್ ಸ್ಪೆಲ್ಲಿಂಗು ತಪ್ಪೆಂದು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಿದೆ. ಮಧ್ಯಾಹ್ನ ಅವರೇ ಬಂದರು. ನಾನು ಜಗಳಕ್ಕೆ ಸಿದ್ಧಳಾಗಿದ್ದೆ.

“ಏನಮ್ಮಾ, ನೀನು ಏನು ಓದಿದೀಯ?”

“ಬಿ.ಕಾಂ.”

“ಸರಿ. ನಾನು ಐ.ಟಿ.ಐ. ಇನ್ಮೇಲೆ ಬರೆಯೋದು ನಿಂದು, ಬಿಚ್ಚೋದು ನಂದು,” ಎಂದು ಚೀಟಿ ಮೇಜಿನ ಮೇಲಿಟ್ಟು ಹೋದರು. ಅವತ್ತಿನಿಂದ ನನ್ನನ್ನು ಕರೆದದ್ದೆಲ್ಲ “ಬಿಕಾಂ” ಎಂದೇ. “ಏ ಬಿಕಾಂ, ಟೀ ಬಂತು.” “ಬಿಕಾಂ, ಛತ್ರಿ ಮರ್ತಿದೀಯ.” ಬೇರೆ ಯಾರಾದರೂ ಹಾಗೆ ಕರೆದಿದ್ದರೆ ಚುಚ್ಚುತ್ತಿತ್ತು. ಅವರು ಕರೆದಾಗ ನನಗೆ ಒಳಗೊಳಗೇ ಹೆಮ್ಮೆ.

ಕೆಟ್ಟ ಚಾರ್ಜರಿಗೆ ಅವರು ಮೀಟರು ಹಿಡಿಯುವ ಮೊದಲು ಕಿವಿ ಕೊಡುತ್ತಿದ್ದರು. ಸುತ್ತ ಲಾರಿಗಳ ಹಾರನ್ನು, ಲೋಡರುಗಳ ಕೂಗಾಟ. ಅದರ ನಡುವೆ ಕಣ್ಣು ಮುಚ್ಚಿ ಒಂದು ನಿಮಿಷ ನಿಂತು, “ಒಳಗೆ ಒಂದು ಸ್ಕ್ರೂ ಸಡ್ಲ ಆಗಿದೆ” ಅನ್ನುವರು. ಬಿಚ್ಚಿದರೆ ಹಾಗೇ ಇರುತ್ತಿತ್ತು. ಎಂಥ ರಿಪೇರಿಗೂ ಅವರದೊಂದೇ ಕ್ರಮ: ಕರೆಂಟು ಹೊರಡುವ ಜಾಗದಿಂದ ಶುರು ಮಾಡಿ, ಒಂದೊಂದೇ ಗಂಟು ದಾಟಿಕೊಂಡು ಬರಬೇಕು. ನಡುವಿನಿಂದ ಕೈ ಹಾಕುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಅವರ ಮನೆ ನನ್ನ ಬಾಡಿಗೆ ಮನೆಯಿಂದ ಎರಡು ಬೀದಿ ಆಚೆ. ಮಕ್ಕಳಿರಲಿಲ್ಲ. ನಡುಮನೆಗೆ ಹೆದ್ದಾರಿಯ ಸದ್ದು ನೇರವಾಗಿ ಬರುತ್ತಿತ್ತು. ಆ ನಡುಮನೆಯಲ್ಲಿ ಒಂದು ಹಳೆಯ ಆಂಪ್ಲಿಫೈಯರ್, ನನ್ನ ಸೊಂಟದೆತ್ತರದ ಎರಡು ಮರದ ಸ್ಪೀಕರ್ ಬಾಕ್ಸುಗಳು. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸತ್ತು ಬಿದ್ದಿದ್ದನ್ನು ತಂದು ಜೀವ ಬರಿಸಿದ್ದರಂತೆ. ಲಾರಿ ಹೋದಾಗ ನೆಲದ ನಡುಕ ತಾಗದಿರಲೆಂದು ಬಾಕ್ಸುಗಳನ್ನು ಸಿಮೆಂಟ್ ಇಟ್ಟಿಗೆಯ ಮೇಲೆ, ಇಟ್ಟಿಗೆಗಳನ್ನು ಮಡಿಸಿದ ಗೋಣಿಚೀಲದ ಮೇಲೆ ಇಟ್ಟಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಅಕ್ಕ ಆ ಬಾಕ್ಸುಗಳಿಗೆ ಸವತಿಯರು ಎಂದು ಹೆಸರಿಟ್ಟಿದ್ದರು.

“ನನ್ನ ಮಂಚಕ್ಕೆ ಒಂದು ಕಾಲು ಅಲ್ಲಾಡ್ತದೆ ಅಂತ ವರ್ಷದಿಂದ ಹೇಳ್ತಾ ಇವ್ನಿ. ಸವತೀರಿಗೆ ಮಾತ್ರ ಗೋಣಿಚೀಲ ಹಾಸಿ ಕೂರ್ಸವ್ರೆ ನೋಡಮ್ಮ.”

“ಅವು ಮಾತಾಡು ಅಂದ್ರೆ ಮಾತಾಡ್ತವೆ, ಸುಮ್ನಿರು ಅಂದ್ರೆ ಸುಮ್ನಿರ್ತವೆ,” ಅನ್ನುವರು ಅವರು. ಅಕ್ಕ ಸೌಟು ತೋರಿಸುವರು.

ಅವರ ಹತ್ತಿರ ಹಾಡುಗಳೆಲ್ಲ ಫೈಲುಗಳಾಗಿದ್ದವು. ಭಜನೆ, ತತ್ವಪದ, ನಾಗಸ್ವರ, ಮದುವೆಗಳಲ್ಲಿ ಅವರೇ ಟೇಪಿನಲ್ಲಿ ಹಿಡಿದ ಸೋಬಾನೆ. ಕ್ಯಾಸೆಟ್ಟಿನಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ್ದರು. ಇಳಿಸಿದ್ದನ್ನು ಆ ಹಳೇ ಆಂಪ್ಲಿಫೈಯರಿಗೆ ಮುಟ್ಟಿಸುವುದು ಹೇಗೆಂಬುದೇ ನನಗೆ ಅವರ ಪರಿಚಯವಾದ ಮೇಲಿನ ಐದಾರು ವರ್ಷ ಅವರ ಭಾನುವಾರಗಳನ್ನು ತಿಂದ ಪ್ರಶ್ನೆ.

ಮೊದಲು ಪೆನ್ ಡ್ರೈವನ್ನು ಡಿ.ವಿ.ಡಿ. ಪ್ಲೇಯರಿಗೆ ಸಿಕ್ಕಿಸಿ ಕೇಳುತ್ತಿದ್ದರು. ಯಾವ ಹಾಡೆಂದು ನೋಡಲು ಟಿ.ವಿ. ಹಾಕಲೇಬೇಕು. ಹಾಕಿದರೆ ಅಕ್ಕ ಧಾರಾವಾಹಿ ಹಾಕಿ ಅನ್ನುವರು. ಆಮೇಲೆ ಮೊಬೈಲಿನ ಇಯರ್‌ಫೋನ್ ತೂತಿನಿಂದ ಆಂಪ್ಲಿಫೈಯರಿಗೆ ಒಂದು ವೈರು ಎಳೆದರು. ಒಂದು ಭಾನುವಾರ ತತ್ವಪದ ನಡೆಯುತ್ತಿರುವಾಗ ನಮ್ಮ ಮ್ಯಾನೇಜರ್ ಫೋನ್ ಮಾಡಿದರು. ವೈರು ಹಾಕಿರುವುದನ್ನು ಮರೆತು ಇವರು ಎತ್ತಿಬಿಟ್ಟರು. “ಎಲ್ರೀ ಇದೀರಾ, ಮೂರನೇ ಗಾಡಿ ನಿಂತೋಗಿದೆ” ಎನ್ನುವುದು ಎರಡೂ ಬಾಕ್ಸುಗಳಿಂದ ಬೀದಿಗೆಲ್ಲ ಕೇಳಿತು. ಎದುರು ಮನೆಯವರು ಬಾಗಿಲಿಗೆ ಬಂದರು. “ಸಾಹೇಬ್ರ ದನಿ ಎಷ್ಟು ತುಂಬ್ಕೊಂಡು ಬರ್ತದೆ ನೋಡು ಬಿಕಾಂ, ಆಫೀಸಲ್ಲಿ ಹಿಂಗೆ ಇರಲ್ಲ,” ಎಂದು ಇವರು ಮೆಚ್ಚಿಕೊಂಡರು.

ಬ್ಲೂಟೂತ್ ಡಬ್ಬಿಯೊಂದನ್ನು ತಂದದ್ದೂ ಉಂಟು. ಪಕ್ಕದ ಮನೆಯವರ ಫೋನು ತಾನೇ ತಾನಾಗಿ ಅದಕ್ಕೆ ಅಂಟಿಕೊಂಡು ಇವರ ನಡುಮನೆಯಲ್ಲಿ ಕ್ರಿಕೆಟ್ ಕಾಮೆಂಟ್ರಿ ಬಂತು. ಅದಕ್ಕಿಂತ ಹೆಚ್ಚಾಗಿ, ಗಾಳಿಯಲ್ಲಿ ಕಳಿಸುವಾಗ ಫೈಲನ್ನು ಹಿಂಡಿ ಚಿಕ್ಕದು ಮಾಡುತ್ತದೆ ಎಂಬುದು ಅವರ ತಕರಾರು. ನನಗೆ ಏನೂ ವ್ಯತ್ಯಾಸ ಕೇಳುತ್ತಿರಲಿಲ್ಲ. ಹಾಗೆಂದು ಹೇಳಿದೆ. “ಕೇಳ್ತದೆ. ನೀನು ಇನ್ನೂ ಕೇಳಿಲ್ಲ ಅಷ್ಟೆ,” ಅಂದರು.

ಆಮೇಲೆ ಲ್ಯಾಪ್‌ಟಾಪು, ಅದರಿಂದ ಯು.ಎಸ್.ಬಿ. ವೈರು, ನಡುವೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿ. ಆ ಡಬ್ಬಿ ಏನು ಮಾಡುತ್ತದೆಂದು ನನಗೆ ತಿಳಿಸಿದ್ದು ಹೀಗೆ: “ಫೈಲ್ ಒಳಗೆ ಹಾಡು ಇಲ್ಲ ಕಣಮ್ಮ. ಬರೀ ಅಂಕಿ. ನೀನು ದಿನಾ ಹೊಡೀತೀಯಲ್ಲ, ಹಂಗೆ. ಈ ಡಬ್ಬಿ ಆ ಅಂಕಿ ಓದಿ ಕರೆಂಟು ಮಾಡ್ತದೆ. ಆಂಪ್ಲಿಫೈಯರ್ ಆ ಕರೆಂಟು ದಪ್ಪ ಮಾಡ್ತದೆ. ಬಾಕ್ಸು ಅದನ್ನ ಗಾಳಿ ಮಾಡ್ತದೆ. ಎಲ್ಲೂ ಯಾರೂ ಏನೂ ಸೇರಿಸ್ಬಾರ್ದು, ಕಳೀಬಾರ್ದು.”

ಡಬ್ಬಿ ಚೆನ್ನಾಗಿತ್ತು. ಆದರೆ ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದ ಕೂಡಲೇ ಬಾಕ್ಸಿನಿಂದ ಗುಂಯ್ ಅನ್ನುವ ಸಣ್ಣ ಸದ್ದು. ಆ ಗುಂಯ್ ಹಿಂದೆ ಅವರು ಎರಡು ತಿಂಗಳು ಬಿದ್ದರು. ವೈರು ಬದಲಿಸಿದರು, ಪ್ಲಗ್ಗು ಬದಲಿಸಿದರು, ಹಿತ್ತಲಿನಲ್ಲಿ ಅರ್ತಿಂಗ್ ವೈರು ಹೂತ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನೀರು ಹೊಯ್ದರು. ಕೊನೆಗೆ ಲ್ಯಾಪ್‌ಟಾಪೇ ಬೇಡವೆಂದು ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು ತರಿಸಿ, ಅದಕ್ಕೆ ಹಾಡಿನ ಹಾರ್ಡ್ ಡಿಸ್ಕು ಜೋಡಿಸಿ, ಮೊಬೈಲಿನಿಂದ ವೈಫೈ ಮೂಲಕ ಹಾಡು ಆರಿಸುವ ಹಾಗೆ ಮಾಡಿದರು. ಗುಂಯ್ ಹೋಯಿತು. ಅವತ್ತು ನಮಗೆಲ್ಲ ಹೋಳಿಗೆ.

ಹೀಗೆ ಒಂದೊಂದು ಹೊಸ ದಾರಿ ಮಾಡಿದಾಗಲೂ ಅವರು ಮೊದಲು ಹಾಕುತ್ತಿದ್ದುದು ಒಂದೇ ಫೈಲು. ರಾಗಿ ಬೀಸುವ ಪದ. ಐ.ಟಿ.ಐ. ಓದುವಾಗ ಯಾರದೋ ಟೇಪ್ ರೆಕಾರ್ಡರ್ ಎರವಲು ತಂದು ತಮ್ಮ ಹಳ್ಳಿ ಮನೆಯ ಪಡಸಾಲೆಯಲ್ಲಿ ಹಿಡಿದದ್ದು. ಹಾಡಿದ್ದು ಅವರ ಸೋದರತ್ತೆ. ಎದುರು ಕೂತು ಕಲ್ಲು ತಿರುಗಿಸಿದ್ದು ಅವರ ತಾಯಿ. ತಾಯಿಗೆ ಟೇಪ್ ರೆಕಾರ್ಡರ್ ಕಂಡರೆ ನಾಚಿಕೆ. ಬಾಯಿ ಬಿಡಲೇ ಇಲ್ಲ. ಹಾಡು ಶುರುವಾಗುವ ಮೊದಲು ಅರ್ಧ ನಿಮಿಷ ಬರೀ ಕಲ್ಲು ತಿರುಗುವ ಸದ್ದು, ಗೂಟ ಹಿಡಿದ ಕೈಯ ಬಳೆ ಸದ್ದು, ನಡುನಡುವೆ ಕಲ್ಲಿನ ಬಾಯಿಗೆ ರಾಗಿ ಸುರಿದಾಗ ಸದ್ದು ಒಂದು ಗಳಿಗೆ ಮೆತ್ತಗಾಗುವುದು. ಎರಡು ವರ್ಷಕ್ಕೆ ಆ ತಾಯಿ ತೀರಿಕೊಂಡರು. ಆಕೆ ಈ ಲೋಕದಲ್ಲಿ ಮಾಡಿದ ಸದ್ದೆಂದು ಉಳಿದದ್ದು ಅಷ್ಟೇ. ಕಂಪ್ಯೂಟರಿಗೆ ಇಳಿಸಿದ ಮೇಲೆ ಕ್ಯಾಸೆಟ್ಟಿನ ಟೇಪು ಯಂತ್ರದಲ್ಲಿ ಸಿಕ್ಕಿ ನುಜ್ಜುಗುಜ್ಜಾಯಿತು. ಹಾಗಾಗಿ ಫೈಲು ಮಾತ್ರ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವರು ಹೇಳುತ್ತಿರಲಿಲ್ಲ. ಫೈಲು ಶುರುವಾದ ಕೂಡಲೇ ಬೆರಳೊಂದನ್ನು ಎತ್ತಿ ಹಿಡಿದು ಅಲುಗದೆ ಕೂರುತ್ತಿದ್ದರು. ಹಾಡು ಬಂದ ಮೇಲೆ ಬೆರಳು ಇಳಿಸುತ್ತಿದ್ದರು. ಹಾಡು ಯಾವಾಗ ಬರುತ್ತದೆಂದು ಕಾಯುತ್ತಿದ್ದಾರೆ ಎಂದುಕೊಂಡಿದ್ದೆ.

ಫೈಲುಗಳಿಗೆಲ್ಲ ಬರೀ ನಂಬರುಗಳಿದ್ದವು. ಮೊಬೈಲಿನಲ್ಲಿ ಹುಡುಕಲು ಹೆಸರು ಬೇಕಾಯಿತು. “ಬಿಕಾಂ, ನಿಂಗೆ ಕನ್ನಡ ಟೈಪಿಂಗ್ ಬರ್ತದಲ್ಲ, ಎಲ್ಲಕ್ಕೂ ನಾಮಕರಣ ಮಾಡ್ಕೊಡು,” ಎಂದು ಹಾರ್ಡ್ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಕೊಟ್ಟರು. ಜೊತೆಗೆ ಕಾಪಿ ಇಟ್ಟಿದ್ದ ಎರಡನೇ ಡಿಸ್ಕನ್ನೂ ಕೊಟ್ಟರು, ಎರಡರಲ್ಲೂ ಹೆಸರು ಒಂದೇ ಇರಲೆಂದು. ಮನೆಯ ಚಿನ್ನವನ್ನು ಕೊಟ್ಟ ಹಾಗೆ ಕೊಟ್ಟರು. ನನಗೆ ಅದು ದೊಡ್ಡ ಗೌರವ ಅನ್ನಿಸಿತು.

ಎರಡು ಭಾನುವಾರ ಕೂತು ಎಲ್ಲಕ್ಕೂ ಹೆಸರು ಹಾಕಿದೆ. ಅಷ್ಟಕ್ಕೇ ಬಿಡಬಹುದಿತ್ತು. ರಾಗಿ ಬೀಸುವ ಪದಕ್ಕೆ ಬಂದಾಗ, ಎಲ್ಲ ಫೈಲಿಗಿಂತ ಗಲಾಟೆ ಇರುವುದು ಇದರಲ್ಲೇ ಅನ್ನಿಸಿತು. ಒಂದು ಸಣ್ಣ ಗುಂಯ್‌ಗಾಗಿ ಎರಡು ತಿಂಗಳು ಒದ್ದಾಡಿದ ಮನುಷ್ಯ, ತನಗೆ ಅಷ್ಟು ಇಷ್ಟದ ಹಾಡನ್ನು ಈ ಗರಗರದ ಜೊತೆ ಕೇಳುತ್ತಿದ್ದಾರಲ್ಲ ಎಂದುಕೊಂಡೆ. ಗಲಾಟೆ ತೆಗೆಯುವ ಸಾಫ್ಟ್‌ವೇರ್ ಇರುವುದು ನನಗೆ ಗೊತ್ತಿತ್ತು. ಹಾಕಿಕೊಂಡೆ.

ಆ ಸಾಫ್ಟ್‌ವೇರಿಗೆ ಮೊದಲು ಬರೀ ಗಲಾಟೆ ಇರುವ ಒಂದು ತುಂಡನ್ನು ತೋರಿಸಬೇಕು. ಅದನ್ನು ಗುರುತು ಇಟ್ಟುಕೊಂಡು ಇಡೀ ಫೈಲಿನಿಂದ ಅಂಥದ್ದನ್ನೆಲ್ಲ ಕಳೆಯುತ್ತದೆ. ನಾನು ಆ ಮೊದಲ ಅರ್ಧ ನಿಮಿಷವನ್ನು ತೋರಿಸಿದೆ. ಕಲ್ಲು ಹೋಯಿತು, ಬಳೆ ಹೋಯಿತು. ಸೋದರತ್ತೆಯ ದನಿ ಮಾತ್ರ ಉಳಿಯಿತು, ನೀರಿನೊಳಗಿಂದ ಹಾಡಿದ ಹಾಗೆ. ಆಮೇಲೆ, ಖಾಲಿಯಾದ ಆ ಅರ್ಧ ನಿಮಿಷ ಯಾಕೆ ಎಂದು ಅದನ್ನೂ ಕತ್ತರಿಸಿದೆ. ಅದೇ ಹೆಸರಿನಲ್ಲಿ ಹಳೆಯದರ ಮೇಲೆ ಉಳಿಸಿದೆ. ಅಚ್ಚುಕಟ್ಟಾಗಿರಲೆಂದು ಎರಡನೇ ಡಿಸ್ಕಿನಲ್ಲೂ ಬದಲಿಸಿದೆ.

ಬೀಸುವ ಕಲ್ಲು ನನಗೆ ಹೊಸದಲ್ಲ. ನಮ್ಮ ಅಜ್ಜಿಯ ಎರಡೂ ಅಂಗೈಯಲ್ಲಿ ಗೂಟದ ಗುರುತು ಇತ್ತು. ನಾನು ಆ ಕಲ್ಲು ಮುಟ್ಟಬಾರದೆಂದೇ ನನ್ನನ್ನು ಓದಿಸಿದ್ದು. ಆ ಸದ್ದು ಹಾಡಿಗೆ ಬೇಕಾದದ್ದು ಎಂದು ನನಗೆ ಹೊಳೆಯಲೇ ಇಲ್ಲ.

ಡಿಸ್ಕು ವಾಪಸ್ ಕೊಟ್ಟ ಭಾನುವಾರ ಬೆಳಿಗ್ಗೆ ಅಕ್ಕ ಅವರೆಕಾಳು ಉಪ್ಪಿಟ್ಟು ಮಾಡಿದ್ದರು. ಅವರು ಮೊಬೈಲಿನಲ್ಲಿ ಹೆಸರುಗಳ ಪಟ್ಟಿ ನೋಡಿ ಖುಷಿಯಾದರು. “ನೋಡೇ, ಎಲ್ಲಾ ಕನ್ನಡದಲ್ಲಿ!” ಎಂದು ಅಕ್ಕನಿಗೆ ತೋರಿಸಿದರು. ಅಕ್ಕನಿಗೆ ಓದಲು ಬರುವುದಿಲ್ಲ, ಆದರೂ ನೋಡಿದರು. ಆಮೇಲೆ ಆ ಫೈಲು ಹಾಕಿ ಬೆರಳು ಎತ್ತಿದರು. ಎತ್ತಿದ್ದೇ ತಡ, ಹಾಡು ಬಂತು.

ಬೆರಳು ಹಾಗೇ ನಿಂತಿತು. ನಿಲ್ಲಿಸಿ ಮತ್ತೆ ಹಾಕಿದರು. ಮತ್ತೆ ಹಾಡೇ.

“ಮೊದ್ಲಿಂದ ಬರ್ತಿಲ್ಲ,” ಅಂದರು. ಬೋರ್ಡು ಆರಿಸಿ ಮತ್ತೆ ಹಚ್ಚಿದರು. ಹಾಗೇ. ಕಿವಿಯನ್ನು ಎಡ ಬಾಕ್ಸಿಗೆ ಇಟ್ಟರು, ಬಲ ಬಾಕ್ಸಿಗೆ ಇಟ್ಟರು. “ದಪ್ಪ ಸೌಂಡೆಲ್ಲ ಹೋಗಿದೆ. ಡಬ್ಬಿ ಕೆಟ್ಟಿರ್ಬೇಕು,” ಎಂದು ಡಬ್ಬಿ ಬಿಚ್ಚಿದರು. ಅದನ್ನು ಬಿಟ್ಟು ಮೊಬೈಲಿಗೆ ಫೈಲು ಹಾಕಿ ಹಳೇ ವೈರಿನಿಂದ ಕೊಟ್ಟರು. ಹಾಗೇ. ವೈರಿನ ಪಿನ್ನುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ಅಟ್ಟದಿಂದ ಡಿ.ವಿ.ಡಿ. ಪ್ಲೇಯರ್ ಇಳಿಸಿದರು. ಧೂಳು ಹೊಡೆದು, ಪೆನ್ ಡ್ರೈವಿಗೆ ಫೈಲು ಹಾಕಿ ಸಿಕ್ಕಿಸಿದರು. ಹಾಗೇ. ಇಷ್ಟು ವರ್ಷದಲ್ಲಿ ಮಾಡಿದ್ದ ದಾರಿಗಳನ್ನೆಲ್ಲ ಒಂದೊಂದಾಗಿ ವಾಪಸ್ ನಡೆದುಕೊಂಡು ಹೋದರು.

ಮೊದಲ ಸಲಕ್ಕೇ ನನಗೆ ಗೊತ್ತಾಗಿತ್ತು. ಹೇಳಲಿಲ್ಲ. ಟಾರ್ಚು ಹಿಡಿ ಅಂದಾಗ ಹಿಡಿದೆ. ಸ್ಕ್ರೂ ಡ್ರೈವರ್ ಕೊಡು ಅಂದಾಗ ಕೊಟ್ಟೆ. ಉಪ್ಪಿಟ್ಟು ತಟ್ಟೆಯಲ್ಲೇ ಒಣಗಿತು. ಸುಮಾರು ಎರಡು ಗಂಟೆ ಹೀಗೆ ಹೋಯಿತು. ಅಷ್ಟು ಹೊತ್ತೂ ನನ್ನ ಮೈಯಲ್ಲಿ ಏನೂ ಇರಲಿಲ್ಲ. ಹೆದರಿಕೆಯೂ ಇಲ್ಲ, ನಾಚಿಕೆಯೂ ಇಲ್ಲ. ಕೈಗಳು ಮಾತ್ರ ಹೇಳಿದ್ದು ಮಾಡುತ್ತಿದ್ದವು.

ಅಕ್ಕ ಅಡುಗೆಮನೆಯಿಂದ ಬಂದರು. “ಎದ್ದೇಳ್ರೀ, ಊಟಕ್ಕಾಯ್ತು.”

“ಕಲ್ಲು ಬರ್ತಿಲ್ಲ ಕಣೇ,” ಅಂದರು ಅವರು. ನೆಲದ ಮೇಲೆ ಕೂತಿದ್ದರು, ಸುತ್ತ ವೈರು.

ಅಕ್ಕ ನನ್ನ ಕಡೆ ತಿರುಗಿದರು. “ನಮ್ಮತ್ತೆ, ಇವ್ರಮ್ಮ, ಬೀಸಿದ್ದು ಕಣಮ್ಮ ಅದು. ಅತ್ತೆದು ಇರೋದು ಅದೊಂದೇ. ಹಾಡಿರೋರು ಬೇರೆ.”

ಆಗ ಹೇಳಿದೆ. “ಅಣ್ಣಾ, ಮಿಷಿನ್ನು ಎಲ್ಲಾ ಸರಿಯಾಗಿದೆ. ನಾನೇ ತೆಗೆದಿದ್ದು. ಗಲಾಟೆ ಅಂದ್ಕೊಂಡೆ.”

ಅವರು ನನ್ನನ್ನು ನೋಡಲಿಲ್ಲ. ಕೈಯಲ್ಲಿದ್ದ ವೈರಿನ ತುದಿ ನೋಡುತ್ತಾ ಕೇಳಿದರು: “ಇನ್ನೊಂದು ಡಿಸ್ಕಲ್ಲಿ?”

“ಅದ್ರಲ್ಲೂ.”

“ನಿನ್ ಕಂಪ್ಯೂಟ್ರಲ್ಲಿ?”

“ಇಲ್ಲ.”

“ಹೂಂ,” ಅಂದರು. ಎದ್ದು ಡಬ್ಬಿಯ ನಾಲ್ಕು ಸ್ಕ್ರೂಗಳನ್ನು ಹಾಕಿದರು. ನಾಲ್ಕನ್ನೂ ಪೂರ್ತಿ ಬಿಗಿ ಮಾಡಿದರು. ಕೈ ತೊಳೆದುಕೊಂಡು ಬಂದು, “ನಡಿ, ಉಣ್ಣು ಬಾ,” ಅಂದರು. ಮುದ್ದೆ, ಬಸ್ಸಾರು ಇತ್ತು. ನಾನು ಪೂರ್ತಿ ಉಂಡೆ. ಬೇಡ ಅನ್ನುವ ಧೈರ್ಯ ಬರಲಿಲ್ಲ.

ಮಾರನೇ ದಿನ ಗೋದಾಮಿನಲ್ಲಿ ಟೀ ಬಂದಾಗ ಎಂದಿನಂತೆ ಕೂಗಿದರು: “ಏ ಬಿಕಾಂ!” ದನಿಯಲ್ಲಿ ಏನೂ ಬದಲಾಗಿರಲಿಲ್ಲ. ನಾನು ಬದಲಾವಣೆ ಹುಡುಕುತ್ತಾ ದಿನ ಕಳೆದೆ, ವಾರ ಕಳೆದೆ. ಸಿಗಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳಿ ಅತ್ತು ಹಗುರಾಗುತ್ತಿದ್ದೆನೋ ಏನೋ. ಅವರ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ. ಅವರು ಕರೆಯುವುದನ್ನು ಕಡಿಮೆ ಮಾಡಲಿಲ್ಲ.

ಆ ವರ್ಷ ಸ್ಟಾಕ್ ವಿಭಾಗದ ಜವಾಬ್ದಾರಿ ಯಾರಿಗೆ ಕೊಡುವುದೆಂಬ ಮಾತು ಬಂದಾಗ ಮ್ಯಾನೇಜರ್ ಇವರನ್ನೂ ಕೇಳಿದರಂತೆ. “ಬಿಕಾಂಗೆ ಕೊಡಿ ಸಾರ್. ತಪ್ಪು ಮಾಡಿದ್ರೆ ಒಪ್ಕೋತಾಳೆ,” ಅಂದರಂತೆ. ಎರಡು ಗಂಟೆ ಟಾರ್ಚು ಹಿಡಿದುಕೊಂಡು ಸುಮ್ಮನಿದ್ದವಳ ಬಗ್ಗೆ ಹೇಳಿದ ಮಾತು ಅದು. ಜವಾಬ್ದಾರಿ ನನಗೇ ಬಂತು. ಇವತ್ತಿಗೂ ಆ ಕುರ್ಚಿಯಲ್ಲಿ ಕೂತಿದ್ದೇನೆ.

ಅವರ ನಿವೃತ್ತಿಯ ದಿನ ಶೆಡ್ಡಿನಲ್ಲೇ ಸಣ್ಣ ಸಮಾರಂಭ ಮಾಡಿದೆವು. ಶಾಲು, ಹಾರ, ಗೋಡೆ ಗಡಿಯಾರ. ಮ್ಯಾನೇಜರ್ ಹೊಗಳುತ್ತಿದ್ದಾಗ ಮೈಕು ಕುಂಯ್ ಅನ್ನತೊಡಗಿತು. ಹೊಗಳಿಸಿಕೊಳ್ಳಬೇಕಾದವರು ಶಾಲು ಹೊದ್ದುಕೊಂಡೇ ಎದ್ದು ಹೋಗಿ, ಸ್ಪೀಕರನ್ನು ಅತ್ತ ತಿರುಗಿಸಿ, ಒಂದು ಗುಂಡಿ ತಿರುವಿ ಬಂದು ಕೂತರು. ಭಾಷಣ ಮಾಡಿ ಅಂದಾಗ, “ಮೂರ್ನೇ ಗಾಡಿ ಚಾರ್ಜರ್ ಫ್ಯಾನು ಸದ್ದು ಮಾಡ್ತಿದೆ, ನೋಡ್ಕೊಳಿ. ನಮಸ್ಕಾರ,” ಅಂದರು.

ನಿವೃತ್ತಿಯಾಗಿ ಒಂದೂವರೆ ವರ್ಷ ಇದ್ದರು. ಒಂದು ಬೆಳಿಗ್ಗೆ ಎದೆ ನೋವು ಅಂದವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋದರು. ನನಗೆ ಕೆಲಸದಲ್ಲಿರುವಾಗ ಫೋನು ಬಂತು. ಕೈಯಲ್ಲಿದ್ದ ಲಾರಿಯ ಮಾಲು ನಮೂದಿಸಿ ಮುಗಿಸಿಯೇ ಎದ್ದೆ. ಅವರ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಜನ ಅಳುತ್ತಿದ್ದರು. ಶವ ಇಟ್ಟಿದ್ದ ಫ್ರೀಜರ್ ಪೆಟ್ಟಿಗೆಗೆ ಕರೆಂಟು ಕೊಟ್ಟಿದ್ದ ವೈರು ಜನ ಓಡಾಡುವ ಕಡೆ ಅಡ್ಡ ಬಿದ್ದಿತ್ತು. ಅದನ್ನು ಗೋಡೆಯ ಪಕ್ಕಕ್ಕೆ ಸರಿಸಿದೆ. ಅಷ್ಟೇ ನಾನು ಅಲ್ಲಿ ಮಾಡಿದ್ದು. ಅಳು ಬರಲಿಲ್ಲ. ಇನ್ನೂ ಬಂದಿಲ್ಲ.

ಕಾರ್ಯವೆಲ್ಲ ಮುಗಿದು ಎಷ್ಟೋ ದಿನದ ಮೇಲೆ, ಹೋದ ಭಾನುವಾರ, ಅಕ್ಕ ಫೋನ್ ಮಾಡಿದರು. “ಬಂದು ಏನಾರ ಹಾಕ್ಕೊಡಮ್ಮ. ಮನೆ ಬಣಗುಡ್ತದೆ. ನಂಗೆ ಆ ಸವತೀರ ಹತ್ರ ಮಾತಾಡೋಕೆ ಬರಲ್ಲ.”

ಹೋದೆ. ಬಾಕ್ಸುಗಳ ಮೇಲೆ ಅಕ್ಕ ಬಟ್ಟೆ ಹೊದಿಸಿದ್ದರು. ಅವರ ಮೊಬೈಲಿನ ಲಾಕು ತೆರೆಯಲು ಆಗಲಿಲ್ಲ. ಹಾಗಾಗಿ ನನ್ನ ಲ್ಯಾಪ್‌ಟಾಪನ್ನೇ ಡಬ್ಬಿಗೆ ಜೋಡಿಸಿ, ಹಾರ್ಡ್ ಡಿಸ್ಕು ಸಿಕ್ಕಿಸಿದೆ. ನಾನು ಹೆಸರಿಟ್ಟ ಫೈಲುಗಳೆಲ್ಲ ಹಾಗೇ ಇದ್ದವು. ಕೆಳಗೆ, ನಾನು ಮಾಡದ ಒಂದು ಫೋಲ್ಡರ್ ಇತ್ತು. ಅದಕ್ಕೆ ಕನ್ನಡದಲ್ಲಿ ‘ಕಲ್ಲು’ ಎಂದು ಹೆಸರು. ಟೈಪಿಂಗ್ ಅವರೇ ಕಲಿತುಕೊಂಡಿದ್ದರು. ಒಳಗೆ ಹದಿನಾಲ್ಕು ಫೈಲು, ಒಂದರಿಂದ ಹದಿನಾಲ್ಕು.

ಒಂದನೆಯದು ಹಾಕಿದೆ. ಬೀಸುವ ಕಲ್ಲು ತಿರುಗುವ ಸದ್ದು. ಹಾಡಿಲ್ಲ. ಸ್ವಲ್ಪ ಹೊತ್ತಿಗೆ ಕಲ್ಲು ನಿಂತಿತು. ಅವರ ದನಿ ಬಂತು: “ಅಲ್ಲ.” ಫೈಲು ಮುಗಿಯಿತು.

ಎರಡನೆಯದು ಬೇರೆ ಕಲ್ಲು, ಸ್ವಲ್ಪ ಗಡುಸು. ಕೋಳಿ ಕೂಗು. ಯಾರೋ ಮುದುಕಿ “ಸಾಕೇನಪ್ಪಾ?” ಎಂದು ಕೇಳುತ್ತಾಳೆ. “ಸಾಕಮ್ಮ. ಇದೂ ಅಲ್ಲ.”

“ರಿಟೈರ್ ಆದ್ಮೇಲೆ ಇದೇ ಕೆಲ್ಸ,” ಅಂದರು ಅಕ್ಕ. “ಎಲ್ಲಿ ಹಳೇ ಕಲ್ಲದೆ ಅಂದ್ರೆ ಅಲ್ಲಿಗೆ ಬಸ್ ಹತ್ಕೊಂಡು ಹೋಗೋರು. ಮೊಬೈಲು ಹಿಡ್ಕೊಂಡು ಅಲ್ಲಿಯೋರ ಕೈಲಿ ಬೀಸ್ಸೋರು. ಹುಚ್ಚು ಅನ್ನೋರು ಜನ.”

“ನಂಗೆ ಹೇಳ್ಲೇ ಇಲ್ಲ ಅಕ್ಕ.”

“ನಿಂಗೆ ಹೇಳ್ಬೇಡ ಅಂದಿದ್ರು. ಮಗು ಮನ್ಸಿಗೆ ಹಚ್ಕೋತದೆ ಅಂತ.”

ಮೂರು, ನಾಲ್ಕು, ಐದು. ಒಂದು ಕಲ್ಲು ಕೀರಲು, ಒಂದು ಕಲ್ಲು ತೀರಾ ಭಾರ, ಒಂದರಲ್ಲಿ ಬೀಸುವವರಿಗೆ ಅಭ್ಯಾಸ ತಪ್ಪಿ ತಡೆದು ತಡೆದು ಬರುತ್ತದೆ. ಪ್ರತಿಯೊಂದರ ಕೊನೆಗೂ “ಅಲ್ಲ.” ಸಿಟ್ಟಿಲ್ಲದೆ, ಬೇಜಾರಿಲ್ಲದೆ, ಚೀಟಿಯಲ್ಲಿ ಗುರುತು ಹಾಕಿದ ಹಾಗೆ. ಹದಿಮೂರರವರೆಗೂ ಕೇಳಿದೆವು.

“ಕೊನೇದು ನಾನು ಬೀಸಿದ್ದು,” ಅಂದರು ಅಕ್ಕ. “ನಮ್ಮ ತವ್ರಿಂದ ಕಲ್ಲು ತರ್ಸಿದ್ರು. ಹಿತ್ಲಲ್ಲಿ ಐತೆ ನೋಡು.”

ಹದಿನಾಲ್ಕನೆಯದು ಹಾಕಿದೆ. ಕಲ್ಲು ತಿರುಗಿತು. ಬಳೆಯ ಸದ್ದಿತ್ತು. ದೂರದಲ್ಲಿ ಹೆದ್ದಾರಿಯ ಲಾರಿಗಳು. ಬೇರೆ ಎಲ್ಲಕ್ಕಿಂತ ಉದ್ದವಾಗಿ ಬಂತು. ಕೊನೆಗೆ ನಿಂತಿತು. ಅಕ್ಕನ ದನಿಯೇ ಮೊದಲು ಬಂತು, ಏದುಸಿರಿನಲ್ಲಿ: “ಆಯ್ತಾ? ಇದೂ ಅಲ್ವಾ?”

“ಕೈ ನೋಯ್ತದಾ?” ಅಂದರು ಅವರು.

“ಇಲ್ಲ.”

“ಹಂಗಾದ್ರೆ ಇನ್ನೊಂಚೂರು ಬೀಸು.”

ಕಲ್ಲು ಮತ್ತೆ ತಿರುಗಿತು. ಇನ್ನೂ ಹತ್ತು ನಿಮಿಷ ಬರೀ ಅದೇ ಇತ್ತು, ಫೈಲು ಮುಗಿಯುವವರೆಗೂ. ಅವರು ಅಲ್ಲ ಅನ್ನಲಿಲ್ಲ, ಹೌದು ಅಂತಲೂ ಅನ್ನಲಿಲ್ಲ.

ಅಕ್ಕ ಸೆರಗನ್ನು ಮಡಿಲಲ್ಲಿ ಹಿಡಿದು ಕೂತಿದ್ದರು. ನನ್ನ ಕೈ ಲ್ಯಾಪ್‌ಟಾಪಿನ ಮೇಲಿತ್ತು. ಅಕ್ಕ ಅದನ್ನು ನೋಡಿದರು.

“ಏನೂ ಸರಿ ಮಾಡ್ಬೇಡ ಕಣಮ್ಮ. ಹಂಗೇ ಇರ್ಲಿ,” ಅಂದರು.

“ಇಲ್ಲ ಅಕ್ಕ,” ಅಂದೆ.

ಇನ್ನೊಂದು ಕಾಪಿ ಮಾಡಿ ಇಡಲೇ ಎಂದು ಕೇಳಬೇಕಿತ್ತು. ಅದು ಬೇಕಾದ ಕೆಲಸವೇ. ಕೇಳಲಿಲ್ಲ. ಕೈ ತೆಗೆದು ನನ್ನ ಮಡಿಲಲ್ಲಿ ಇಟ್ಟುಕೊಂಡೆ.